ಕ್ಷಮೆಯ ಪಾಠ: ಮಕ್ಕಳಿಗೆ ನಾವು ಕಲಿಸುತ್ತಿರುವುದು ಅರ್ಧವೇ?

2025ರ ಏಪ್ರಿಲ್‌ನಲ್ಲಿ ಒಡಿಶಾದ ಕಿಯೋಂಜರ್ ಜೈಲಿನಿಂದ ಮಹೇಂದ್ರ ಹೆಂಬ್ರಮ್ ಎಂಬವನನ್ನು ಸನ್ನಡತೆಯ ಆಧಾರದಲ್ಲಿ ಬಿಡುಗಡೆ ಮಾಡಲಾಯಿತು. 1999ರ ಜನವರಿಯಲ್ಲಿ ಮನೋಹರಪುರದಲ್ಲಿ, ಕುಷ್ಠರೋಗಿಗಳ ಸೇವೆಯಲ್ಲಿದ್ದ ಗ್ರಹಾಂ ಸ್ಟೇನ್ಸ್ ಮತ್ತು ಅವರ ಮಕ್ಕಳಾದ ಫಿಲಿಪ್ (10), ತಿಮೊಥಿ (6) ಇವರನ್ನು ವಾಹನದಲ್ಲಿ ಮಲಗಿದ್ದಾಗಲೇ ಸುಟ್ಟು ಕೊಂದ ಪ್ರಕರಣದ ಅಪರಾಧಿ ಈತ. ಕೊಲೆಗಾರರನ್ನು ಗ್ಲಾಡಿಸ್ ಸ್ಟೇನ್ಸ್ ಅಂದೇ ಕ್ಷಮಿಸಿದ್ದರು. ಹಾಗಿದ್ದ ಮೇಲೆ ಇಷ್ಟು ವರ್ಷ ಜೈಲು ಯಾಕೆ ಎಂದು ಮಗುವೊಂದು ಕೇಳಿದರೆ ನಾವೇನು ಹೇಳುತ್ತೇವೆ?

ಆ ತಾಯಿ ಮನಸ್ಸಿನಲ್ಲಿ ದ್ವೇಷಕ್ಕೆ ಎಡೆಗೊಡಲಿಲ್ಲ. ನ್ಯಾಯಾಲಯ ತನ್ನ ಕೆಲಸ ಮಾಡಿತು. 2011ರಲ್ಲಿ ಸುಪ್ರೀಂ ಕೋರ್ಟ್ ಜೀವಾವಧಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಅದರಿಂದ ಅವರ ಕ್ಷಮೆ ಸುಳ್ಳಾಗಲಿಲ್ಲ. ಈ ಎರಡೂ ಜೊತೆಯಾಗಿ ನಡೆಯಬಲ್ಲವು ಎಂಬುದನ್ನು ನಮ್ಮ ಮಕ್ಕಳು ಕಲಿಯಬೇಕಾಗಿದೆ.

ಫಿಲಿಪ್ ಮತ್ತು ತಿಮೊಥಿಯ ವಯಸ್ಸು ಹೆಚ್ಚುಕಡಿಮೆ ನಮ್ಮ ಕ್ರೈಸ್ತ ಶಿಕ್ಷಣ ತರಗತಿಯ ಮಕ್ಕಳ ವಯಸ್ಸೇ. ಜಗದ್ಗುರು ಹತ್ತನೇ ಪಿಯುಸರು 1910ರಲ್ಲಿ ಏಳು ವರ್ಷದ ಆಸುಪಾಸಿನ ಮಕ್ಕಳಿಗೆ ಪಾಪನಿವೇದನೆ ಮತ್ತು ಪರಮ ಪ್ರಸಾದದ ಬಾಗಿಲು ತೆರೆದರು. ಅಂದಿನಿಂದ ಮಕ್ಕಳಿಗೆ ನಾವು ಕಲಿಸುವುದು ಇದನ್ನು: ತಪ್ಪು ಮಾಡಿದರೆ ಒಪ್ಪಿಕೋ, ದೇವರು ಕ್ಷಮಿಸುತ್ತಾರೆ. ಇದು ಸತ್ಯ. ಆದರೆ ಅದೇ ಬೆಂಚಿನಲ್ಲಿ ಇನ್ನೊಬ್ಬರ ತಪ್ಪಿನಿಂದ ನೊಂದ ಮಗುವೂ ಕುಳಿತಿರುತ್ತದೆ. 'ಕ್ಷಮಿಸಿಬಿಡು, ಮರೆತುಬಿಡು' ಎಂಬ ಮಾತು ಅದರ ಕಿವಿಗೆ 'ಸುಮ್ಮನಿರು' ಎಂದು ಕೇಳಿಸಬಹುದು.

ಶುಭಸಂದೇಶದ ಕ್ಷಮೆ ಯಾರ ಬಾಯಿಯನ್ನೂ ಮುಚ್ಚಿಸುವುದಿಲ್ಲ. ಯೇಸುಸ್ವಾಮಿ ಪಾರ್ಶ್ವವಾಯು ರೋಗಿಯ ಪಾಪವನ್ನು ಕ್ಷಮಿಸಿದ ಮೇಲೆ ಅವನ ದೇಹವನ್ನೂ ಗುಣಪಡಿಸಿದರು. ಅವರ ಪ್ರೀತಿಯನ್ನು ಕಂಡ ಜಕ್ಕಾಯ ತಾನು ಮೋಸದಿಂದ ತೆಗೆದುಕೊಂಡದ್ದನ್ನು ನಾಲ್ಕರಷ್ಟು ಹಿಂದಿರುಗಿಸಲು ಮುಂದಾದ. ಗಾಯ ಮಾಯಬೇಕು, ನಷ್ಟ ತುಂಬಬೇಕು. ಎರಡಕ್ಕೂ ಸಮಯ ಬೇಕು. ಮಧ್ಯಪ್ರದೇಶದಲ್ಲಿ ಧರ್ಮಭಗಿನಿ ರಾಣಿ ಮರಿಯರನ್ನು 1995ರಲ್ಲಿ ಬಸ್ಸಿನಲ್ಲಿ ಇರಿದು ಕೊಂದ ಸಮುಂದರ್ ಸಿಂಗ್‌ನಿಗೆ ಅವರ ತಂಗಿ, ಧರ್ಮಭಗಿನಿ ಸೆಲ್ಮಿ, ಜೈಲಿನಲ್ಲಿ ರಾಖಿ ಕಟ್ಟಿದ್ದು 2002ರಲ್ಲಿ, ಏಳು ವರ್ಷಗಳ ನಂತರ. ಬಿಡುಗಡೆಯಾದ ಬಳಿಕ ಆತ ಕೇರಳಕ್ಕೆ ಹೋಗಿ ಅವರ ತಂದೆತಾಯಿಯ ಕ್ಷಮೆ ಬೇಡಿದ. 2017ರಲ್ಲಿ ಇಂದೋರಿನಲ್ಲಿ ರಾಣಿ ಮರಿಯರಿಗೆ ಪುನೀತ ಪದವಿ ನೀಡಿದಾಗ ಆತನೂ ಅಲ್ಲಿದ್ದ.

ಕ್ರೈಸ್ತ ಶಿಕ್ಷಣ ನೀಡುವ ಶಿಕ್ಷಕರಲ್ಲಿ ಮತ್ತು ತಂದೆತಾಯಿಯರಲ್ಲಿ ನಮ್ಮ ವಿನಂತಿ ಇಷ್ಟೇ. ಮಕ್ಕಳು ಜಗಳವಾಡಿದಾಗ ಕೂಡಲೇ ಕೈ ಕುಲುಕಿಸಿ ಮುಗಿಸಬೇಡಿ. ನೊಂದವನ ಮಾತನ್ನು ಮೊದಲು ಕೇಳಿ. ಹರಿದ ಪುಸ್ತಕ ಸರಿಯಾಗಲಿ. ಆಮೇಲೆ ಇಬ್ಬರೂ ಕೂಡಿ ಪ್ರಾರ್ಥಿಸಲಿ. ಮನೆಯಲ್ಲಿ ಹಿರಿಯರು ತಪ್ಪಿದಾಗ ಮಗುವಿನ ಬಳಿ ಕ್ಷಮೆ ಕೇಳಲಿ. ಯಾವ ಪಠ್ಯವೂ ಅಷ್ಟು ಚೆನ್ನಾಗಿ ಕಲಿಸದು.

ಇನ್ನೊಂದು ಮಾತನ್ನು ಪ್ರಥಮ ಪಾಪನಿವೇದನೆಯ ಸಿದ್ಧತೆಯಲ್ಲೇ ಸ್ಪಷ್ಟವಾಗಿ ಹೇಳಬೇಕು. ಪಾಪನಿವೇದನೆಯ ಗುಟ್ಟು ಧರ್ಮಗುರುವನ್ನು ಕಟ್ಟಿಹಾಕುತ್ತದೆ, ಮಗುವನ್ನಲ್ಲ. ಯಾರೇ ಆಗಲಿ, ಗುರುಗಳೇ ಆಗಲಿ, ಮೈ ಮುಟ್ಟಿ ನೋಯಿಸಿದರೆ ಅದು ಮಗುವಿನ ಪಾಪವಲ್ಲ. ಮನೆಯವರಿಗೆ ಹೇಳುವುದು ಕ್ಷಮೆಗೆ ವಿರೋಧವೂ ಅಲ್ಲ. 2012ರ ಪೋಕ್ಸೋ ಕಾಯಿದೆಯಂತೆ ಇಂಥ ಅಪರಾಧವನ್ನು ತಿಳಿದೂ ಪೊಲೀಸರಿಗೆ ತಿಳಿಸದಿರುವುದು ಅಪರಾಧ. ಜಗದ್ಗುರು ಫ್ರಾನ್ಸಿಸ್ 2019ರ ತಮ್ಮ ಆದೇಶದಲ್ಲಿ ಗುರುಗಳಿಗೂ ಧರ್ಮಭಗಿನಿಯರಿಗೂ ಇಂಥದ್ದನ್ನು ಧರ್ಮಸಭೆಯ ಅಧಿಕಾರಿಗಳಿಗೆ ವರದಿ ಮಾಡುವ ಹೊಣೆ ಹೊರಿಸಿದರು.

ಪೂರ್ತಿ ಪಾಠ ಕಲಿತ ಮಗು ದೇವರ ಬಳಿಗೆ ತನ್ನ ತಪ್ಪನ್ನೂ ತರುತ್ತದೆ, ತನ್ನ ಗಾಯವನ್ನೂ ತರುತ್ತದೆ. ಎರಡನ್ನೂ ಭಯವಿಲ್ಲದೆ ತರಬಹುದಾದ ಜಾಗ ನಮ್ಮ ಧರ್ಮಕೇಂದ್ರವಾಗಲಿ.