ದೇವರ ಹೆಸರು ನಿಮ್ಮದಲ್ಲ, ಊರ ಹೆಸರೂ ನಿಮ್ಮದಲ್ಲ

1/8
ತಾಂಡ್ಯ ಕೈಗಾರಿಕಾ ಪ್ರದೇಶದಿಂದ ನಂಜನಗೂಡು ದೇವಸ್ಥಾನದ ತನಕ ಒಂದ್ಸಲ ಬರೀ ಬೋರ್ಡ್ ಓದ್ಕೊಂಡು ಬನ್ನಿ. ಶ್ರೀಕಂಠೇಶ್ವರ, ನಂಜುಂಡೇಶ್ವರ, ಕಪಿಲಾ, ಚಾಮುಂಡೇಶ್ವರಿ. ಮುಂದೆ ಒಂದು 'ಶ್ರೀ', ಹಿಂದೆ ಒಂದು 'ಎಂಟರ್‌ಪ್ರೈಸಸ್'. ತಿ. ನರಸೀಪುರದ ಕಡೆ ತಿರುಗಿದರೆ ಗುಂಜಾ ನರಸಿಂಹ, ತ್ರಿವೇಣಿ, ಸಂಗಮ. ಅಷ್ಟೇ ವ್ಯತ್ಯಾಸ. ಅಂಗಡಿಗೆ ದೇವರ ಹೆಸರಿಡೋದು ಭಕ್ತಿ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅದೇ ಹೆಸರನ್ನ ಪ್ಯಾಕೆಟ್ ಮೇಲೆ ಪ್ರಿಂಟ್ ಮಾಡಿಸಿ "ಇದು ನಮ್ಮ ಬ್ರ್ಯಾಂಡ್" ಅಂತೀರಲ್ಲ, ಅಲ್ಲಿದೆ ಜಗಳ. ನಮ್ಮ ಬ್ಯಾಚಿನವರೇ ಉಪ್ಪಿನಕಾಯಿ, ರಾಗಿ ಮಾಲ್ಟ್, ಕ್ಯಾಂಡಲ್, ಟೀಶರ್ಟ್ ಅಂತ ಪೇಜ್ ಶುರು ಮಾಡಿದ್ದಾರೆ. ಲೋಗೋಗೆ ದುಡ್ಡು ಕೊಟ್ಟಿದ್ದಾರೆ, ರೀಲ್ಸ್‌ಗೆ ನಿದ್ದೆ ಕೊಟ್ಟಿದ್ದಾರೆ. ಹೆಸರಿಗೆ ಐದು ನಿಮಿಷ ಯೋಚನೆ ಕೊಟ್ಟವರು ಕಡಿಮೆ. ಈ ಸೀರೀಸ್ ಅವರಿಗೆ. ಕೋಪ ಬಂದರೆ ಪೂರ್ತಿ ಓದಿ ಆಮೇಲೆ ಬೈಯಿರಿ.

2/8
ಮೈಸೂರು ಅಗರಬತ್ತಿ ಊರು, ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಪಾಟ್ನಾದ ಒಬ್ಬ ವ್ಯಾಪಾರಿ ತನ್ನ ಅಗರಬತ್ತಿಗೆ 'ರಾಮಾಯಣ್' ಅನ್ನೋ ಹೆಸರಿನ ಟ್ರೇಡ್‌ಮಾರ್ಕ್ ಕೇಳಿದರು. ಕೇಸು ಸುಪ್ರೀಂ ಕೋರ್ಟ್ ತನಕ ಹೋಯಿತು. 2015ರ ಅಕ್ಟೋಬರ್‌ನಲ್ಲಿ ಕೋರ್ಟ್ ಹೇಳಿದ್ದು ಇಷ್ಟು: ಪವಿತ್ರ ಗ್ರಂಥದ ಹೆಸರನ್ನ ಒಬ್ಬನೇ ತನ್ನ ಸರಕಿನ ಗುರುತು ಅಂತ ಹಿಡಿದಿಟ್ಟುಕೊಳ್ಳೋ ಹಾಗಿಲ್ಲ. ಅಷ್ಟು ವರ್ಷ ಕೋರ್ಟು ಅಲೆದು ಕೈಗೆ ಬಂದಿದ್ದು ಸೊನ್ನೆ.

ಈಗ ನಮ್ಮೂರಿನ ಬುದ್ಧಿವಂತಿಕೆ ನೋಡಿ. 1948ರಲ್ಲಿ ಮೈಸೂರಲ್ಲಿ ಎನ್. ರಂಗರಾವ್ ಅಗರಬತ್ತಿ ವ್ಯಾಪಾರ ಶುರು ಮಾಡಿದರು. ಅವರ ಬ್ರ್ಯಾಂಡ್ ಹೆಸರು ಸೈಕಲ್! ಯೋಚನೆ ಮಾಡಿ, ದೇವರ ಮುಂದೆ ಹಚ್ಚೋ ವಸ್ತು. ಲಕ್ಷ್ಮಿ, ಗಣಪತಿ, ಚಾಮುಂಡಿ ಯಾರ ಹೆಸರನ್ನಾದರೂ ಇಡಬಹುದಿತ್ತು. ಇಟ್ಟಿದ್ದು ಎರಡು ಚಕ್ರದ ಗಾಡಿ ಹೆಸರು. ಸೈಕಲ್‌ಗೂ ಗಂಧಕ್ಕೂ ಏನು ಸಂಬಂಧ? ಏನೂ ಇಲ್ಲ. ಸಂಬಂಧ ಇಲ್ಲದಿರೋದೇ ಅದರ ಬಲ. ಬೇರೆ ಯಾವನಾದರೂ ಅಗರಬತ್ತಿ ಡಬ್ಬಿ ಮೇಲೆ ಸೈಕಲ್ ಚಿತ್ರ ಹಾಕಿದರೆ, ಯಾಕೆ ಹಾಕಿದೆ ಅಂತ ಕೇಳಿದಾಗ ಹೇಳೋಕೆ ಅವನ ಹತ್ತಿರ ನೆಪ ಇರಲ್ಲ. ಅದೇ ನೀವು 'ಸುಗಂಧ' ಅಂತಿಟ್ಟಿದ್ದರೆ "ಸ್ವಾಮಿ, ನಂದೂ ಸುಗಂಧ ಬರುತ್ತೆ" ಅಂತಾನೆ, ಅದು ಸುಳ್ಳೂ ಅಲ್ಲ.

3/8
ಫೋಟೋದಲ್ಲಿರೋದು ನಮ್ಮನೆ ಫ್ರಿಜ್ಜಿನ ನಂದಿನಿ ಪ್ಯಾಕೆಟ್. ಇದರ ಕತೆ ಕರ್ನಾಟಕದಲ್ಲಿ ವ್ಯಾಪಾರ ಮಾಡೋ ಪ್ರತಿಯೊಬ್ಬರಿಗೂ ಪಾಠ ಆಗಬೇಕಿತ್ತು.

ಕೆಎಂಎಫ್ 'ನಂದಿನಿ' ಹೆಸರು ಹಿಡಿದಿದ್ದು 1985ರಲ್ಲಿ. 1989ರಲ್ಲಿ ಬೆಂಗಳೂರಲ್ಲಿ 'ನಂದಿನಿ ಡೀಲಕ್ಸ್' ಹೋಟೆಲ್ ಶುರುವಾಯಿತು. ಇಂಗ್ಲಿಷ್ ಸ್ಪೆಲಿಂಗಲ್ಲಿ ಒಂದು 'ಹೆಚ್' ಜಾಸ್ತಿ, ಕನ್ನಡದಲ್ಲಿ ಕೂಗಿದರೆ ಎರಡೂ ಒಂದೇ. ಹೋಟೆಲಿನವರು ಮಾಂಸ, ಮೀನು ಇತ್ಯಾದಿ ಆಹಾರಗಳಿಗೆ ತಮ್ಮ ಹೆಸರು ನೋಂದಣಿ ಮಾಡಿಸೋಕೆ ಹೋದರು, ಕೆಎಂಎಫ್ ವಿರೋಧಿಸಿತು. 2007ರಲ್ಲಿ ರಿಜಿಸ್ಟ್ರಾರ್ ಹೋಟೆಲ್ ಪರ. 2011ರಲ್ಲಿ ಮೇಲ್ಮನವಿ ಮಂಡಳಿ ಕೆಎಂಎಫ್ ಪರ. 2014ರಲ್ಲಿ ಹೈಕೋರ್ಟೂ ಕೆಎಂಎಫ್ ಪರ. ಕೊನೆಗೆ 2018ರ ಜುಲೈ 26ರಂದು ಸುಪ್ರೀಂ ಕೋರ್ಟ್ ಹೋಟೆಲ್ ಪರ ತೀರ್ಪು ಕೊಟ್ಟಿತು. ಹಾಲು, ಹಾಲಿನ ಪದಾರ್ಥ ಮಾತ್ರ ಹೋಟೆಲಿನವರಿಗೆ ಇಲ್ಲ.

ಕಾರಣ ಗಮನಿಸಿ. ನಂದಿನಿ ಅನ್ನೋದು ಕೆಎಂಎಫ್ ಹುಟ್ಟಿಸಿದ ಪದ ಅಲ್ಲ, ಪುರಾಣದ ದೇವತೆ ಮತ್ತು ಹಸುವಿನ ಹೆಸರು. ಸರಕು ಬೇರೆ, ಲೋಗೋ ಬೇರೆ, ಜನ ಗೊಂದಲಕ್ಕೆ ಬೀಳಲ್ಲ ಅಂದಿತು ಕೋರ್ಟ್. ರಾಜ್ಯದ ಹಳ್ಳಿಹಳ್ಳಿಯಲ್ಲಿ ಡೇರಿ ಇರೋ, ಲಾಯರ್‌ಗಳಿಗೆ ದುಡ್ಡಿರೋ ಕೆಎಂಎಫ್‌ಗೇ ಪುರಾಣದ ಹೆಸರನ್ನ ಹಾಲಿನ ಆಚೆಗೆ ಹಿಡಿದಿಡೋಕೆ ಆಗಲಿಲ್ಲ. ನೀನು ನಿನ್ನ 'ಕಾಮಧೇನು ಹೋಮ್‌ಮೇಡ್' ಅನ್ನೋ ಪೇಜ್ ಇಟ್ಕೊಂಡು ಯಾರನ್ನ ತಡೀತೀಯ ಮಗಾ?

4/8
ಇಲ್ಲಿಗೆ ಬರ್ತಿದ್ದಂಗೆ ಒಬ್ಬ ಕಾಮೆಂಟ್ ಹಾಕೇ ಹಾಕ್ತಾನೆ: "ಮಂಗಳೂರು ಗಣೇಶ್ ಬೀಡಿ?" ಊರಿನ ಹೆಸರೂ ಇದೆ, ದೇವರ ಹೆಸರೂ ಇದೆ, ಜೊತೆಗೆ ಕಂಪನಿ ನಮ್ಮ ಮೈಸೂರಿಂದು.

ಒಳ್ಳೆ ಪ್ರಶ್ನೆ. ಪಾಲುದಾರರ ಮಧ್ಯೆ ಮುರಿದುಬಿದ್ದು, ಹೈಕೋರ್ಟಿನ ಉಸ್ತುವಾರಿಯಲ್ಲಿ 1994ರಲ್ಲಿ ಆ ವ್ಯವಹಾರ ಮಾರಾಟ ಆಯ್ತು. ಪಾಲುದಾರರಲ್ಲೇ ಮೂವರು ಸೇರಿ 92 ಕೋಟಿಗೆ ಕೂಗಿ ತಗೊಂಡರು. 92 ಕೋಟಿ, ಬೀಡಿಗೆ! ಬೀಡಿ ಕಟ್ಟೋಕೆ ಭಾರಿ ಯಂತ್ರ ಬೇಕಾ? ಎಲೆ, ತಂಬಾಕು, ದಾರ, ಹೆಂಗಸರ ಬೆರಳು. ಅಷ್ಟೊಂದು ದುಡ್ಡು ಕೊಟ್ಟಿದ್ದು ಮುಖ್ಯವಾಗಿ ಹೆಸರಿಗೆ. ಮುಂದೆ ಆದಾಯ ತೆರಿಗೆ ಕೇಸಲ್ಲಿ, ಅದೂ 2015ರ ಅಕ್ಟೋಬರ್‌ನಲ್ಲೇ, ಟ್ರೇಡ್‌ಮಾರ್ಕನ್ನ ಕಾರ್ಖಾನೆಯ ಯಂತ್ರದ ಹಾಗೇ ಲೆಕ್ಕ ಹಿಡಿದು ಸವಕಳಿ ಕೊಡಬೇಕು ಅಂತ ಸುಪ್ರೀಂ ಕೋರ್ಟ್ ಒಪ್ಪಿತು. ಅಂದರೆ ಹೆಸರು ಅಲಂಕಾರ ಅಲ್ಲ, ಅದೇ ಯಂತ್ರ.

ಹೌದು, ಗಣೇಶನ ಹೆಸರಲ್ಲೂ ಆಗುತ್ತೆ. ಆದರೆ ಅದಕ್ಕೆ ದಶಕಗಟ್ಟಲೆ ವ್ಯಾಪಾರ, ಜಾಹೀರಾತು ಬೇಕಾಯ್ತು. 'ಗಣೇಶ್ ಬೀಡಿ' ಅಂದ ಕೂಡಲೇ ಜನಕ್ಕೆ ದೇವಸ್ಥಾನದ ಬದಲು ಆ ಕಟ್ಟೇ ನೆನಪಾಗೋ ಹಂತಕ್ಕೆ ಬರಬೇಕಾಯ್ತು. ನಿನ್ನ ಹತ್ತಿರ ಅಷ್ಟು ವರ್ಷ ಇದೆಯಾ? ಮುಂದಿನ ಸೆಮಿಸ್ಟರ್ ಫೀಸ್ ಕಟ್ಟೋಕೇ ಮಾಲ್ಟ್ ಮಾರ್ತಿರೋನು ನೀನು.

5/8
ಊರ ಹೆಸರಿನ ವಿಷಯಕ್ಕೆ ಬರ್ತೀನಿ, ನಂಗೆ ಜಾಸ್ತಿ ಉರಿಯೋದು ಇಲ್ಲೇ.

"ನಂಜನಗೂಡು ಅಂದರೆ ಜನ ನಂಬ್ತಾರೆ" ಅಂತೀರಿ. ನಂಬ್ತಾರೆ. ಆ ನಂಬಿಕೆ ಕಟ್ಟಿದ್ದು ನೀವಲ್ಲ. ರಸಬಾಳೆ ಬೆಳೆದವರು ಕಟ್ಟಿದರು, ಅದಕ್ಕೇ ನಂಜನಗೂಡು ರಸಬಾಳೆಗೆ ಭೌಗೋಳಿಕ ಗುರುತು, ಅಂದರೆ ಜಿಐ, ಸಿಕ್ಕಿದೆ. ಅದು ಇಡೀ ಪ್ರದೇಶದ ಬೆಳೆಗಾರರ ಸ್ವತ್ತು, ಯಾವೊಬ್ಬ ವ್ಯಾಪಾರಿಯ ಲೇಬಲ್ ಅಲ್ಲ. 1913ರಲ್ಲಿ ಬಿ.ವಿ. ಪಂಡಿತರು ಶುರು ಮಾಡಿದ ಸದ್ವೈದ್ಯಶಾಲೆ ಕಟ್ಟಿತು. ನಮ್ಮಜ್ಜಿ ಕಾಲದವರು ಬರೀ 'ನಂಜನಗೂಡು ಪುಡಿ' ಅಂದರೂ ಅಂಗಡಿಯವನು ಹಲ್ಲುಪುಡಿನೇ ಕೊಡ್ತಿದ್ದ. ನೂರು ವರ್ಷ ಹಲ್ಲುಜ್ಜಿಸಿ ಗಳಿಸಿದ ಹೆಸರು ಅದು.

ಊರ ಹೆಸರು ಅನಾಥವಾದರೆ ಏನಾಗುತ್ತೆ ಅಂತ ಮೈಸೂರು ಪಾಕನ್ನ ಕೇಳಿ. ಅರಮನೆಯ ಅಡುಗೆಮನೆಯಲ್ಲಿ ಕಾಕಾಸುರ ಮಾದಪ್ಪ ಮಾಡಿದರು ಅಂತ ಎಲ್ಲರೂ ಹೇಳ್ತಾರೆ, ಅವರ ವಂಶದವರ ಗುರು ಸ್ವೀಟ್ಸ್ ಇವತ್ತಿಗೂ ದೇವರಾಜ ಮಾರ್ಕೆಟ್ ಹತ್ತಿರ ಇದೆ. ಆದರೆ ಆ ಹೆಸರು ಇವತ್ತು ದೇಶದ ಎಲ್ಲ ಬೇಕರಿಗಳದ್ದೂ ಹೌದು. 2025ರಲ್ಲಿ ಜೈಪುರದ ಅಂಗಡಿಯವರು 'ಪಾಕ್' ಬೇಡ ಅಂತ 'ಮೈಸೂರ್ ಶ್ರೀ' ಮಾಡಿಬಿಟ್ಟರು. (ಪಾಕ ಅಂದರೆ ಸಕ್ಕರೆ ಪಾಕ ಕಣ್ರೋ!) ನಾವು ಮೀಮ್ ಮಾಡಿದ್ವಿ, ಬೇರೇನೂ ಮಾಡೋಕೆ ಇರಲಿಲ್ಲ.

6/8
ಈಗ ನೆಪಗಳು. ನಾನು ಕೇಳಿರೋ ಅತಿ ದೊಡ್ಡ ನೆಪ: "ಮೊದ್ಲು ಬಿಸಿನೆಸ್ ನಡೀಲಿ, ಟ್ರೇಡ್‌ಮಾರ್ಕ್ ಆಮೇಲೆ ನೋಡೋಣ." ನಡೆಯದ ಬಿಸಿನೆಸ್ಸಿನ ಹೆಸರನ್ನ ಯಾರೂ ಕದಿಯಲ್ಲ. ನಡೆದ ಮೇಲೇ ಕದಿಯೋದು, ನೀವು 'ಆಮೇಲೆ' ಅಂತ ಇಟ್ಟುಕೊಂಡಿರೋದೂ ಆ ಹೊತ್ತನ್ನೇ.

ಇನ್ನೊಂದು, "ನಂದು ಜಿಎಸ್‌ಟಿ ಇದೆ, ಫುಡ್ ಲೈಸೆನ್ಸ್ ಇದೆ, ಇನ್‌ಸ್ಟಾ ಹ್ಯಾಂಡಲ್ ಇದೆ." ಜಿಎಸ್‌ಟಿ ತೆರಿಗೆಗೆ, ಫುಡ್ ಲೈಸೆನ್ಸ್ ಸುರಕ್ಷತೆಗೆ, ಹ್ಯಾಂಡಲ್ ಆ್ಯಪಿನವರ ದಯೆಗೆ. ಈ ಮೂರರಲ್ಲಿ ಯಾವುದೂ ಹೆಸರಿನ ಮಾಲೀಕತ್ವ ಕೊಡಲ್ಲ. ಸಾಲ ಮೇಳ, ಉದ್ಯಮಶೀಲತಾ ಶಿಬಿರ ಅಂತ ಕರೆದು ದಿನಪೂರ್ತಿ ಸಬ್ಸಿಡಿ ಬಗ್ಗೆ ಕೊರೆಯೋರು ಈ ಒಂದು ವಾಕ್ಯ ಯಾಕೆ ಹೇಳಲ್ವೋ ನಂಗೊತ್ತಿಲ್ಲ.

"ನಾನೇ ಮೊದಲು ಬಳಸಿದ್ದು" ಅನ್ನೋದು ನೆಪ ಅಲ್ಲ, ನಿಜವಾದ ಹಕ್ಕು. 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 34ನೇ ಸೆಕ್ಷನ್ ಮೊದಲಿನಿಂದ ಬಳಸಿದವರನ್ನ ಕಾಪಾಡುತ್ತೆ, ನೋಂದಣಿ ಇಲ್ಲದಿದ್ದರೂ ನಿಮ್ಮ ಹೆಸರಲ್ಲಿ ತನ್ನ ಮಾಲು ಮಾರೋನ ಮೇಲೆ ಕೇಸು ಹಾಕಬಹುದು. ಆದರೆ ರುಜುವಾತು ನಿಮ್ಮ ತಲೆ ಮೇಲೆ. ತಾರೀಖಿರೋ ಬಿಲ್ಲು, ಪ್ರಿಂಟಿಂಗ್ ಪ್ರೆಸ್ಸಿನ ರಸೀದಿ, ಜಾಹೀರಾತು ಇದೆಯಾ? ಗೂಗಲ್ ಪೇ ಮಾಡಿ ಮರೆತಿದ್ದೀರಿ ತಾನೇ.

ದಿನಾ ಹತ್ತೋ ಕೆಎಸ್‌ಆರ್‌ಟಿಸಿ ಬಸ್ಸೇ ಉದಾಹರಣೆ. 1973ರಿಂದ ಬಳಸ್ತಿದ್ದೀವಿ ಅಂತ ಕರ್ನಾಟಕ ಅರ್ಜಿ ಹಾಕಿ 2013ರಲ್ಲಿ ನೋಂದಣಿ ಪತ್ರ ತಗೊಂಡಿತ್ತು. ಕೇರಳ, ನಾವು ಇನ್ನೂ ಹಳಬರು ಅಂತ ಹೋಯ್ತು. 2021ರಲ್ಲಿ ಹೆಸರು ಕೇರಳಕ್ಕೆ ಸಿಕ್ತು ಅಂತ ಸುದ್ದಿನೂ ಹಬ್ಬಿತು. 2023ರ ಡಿಸೆಂಬರ್‌ನಲ್ಲಿ ಮದ್ರಾಸ್ ಹೈಕೋರ್ಟ್ ಕೇರಳದ ಅರ್ಜಿ ವಜಾ ಮಾಡಿತು. ಪತ್ರ ಕೈಯಲ್ಲಿದ್ದವರು ಬಸ್ ಓಡಿಸ್ತಾನೇ ಇದ್ದರು.

7/8
ಸೇವ್ ಮಾಡ್ಕೊಳ್ಳಿ. ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯ ವೆಬ್‌ಸೈಟಲ್ಲಿ ಹುಡುಕಾಟ ಉಚಿತ. ಸ್ಪೆಲಿಂಗ್ ಮಾತ್ರ ನೋಡಬೇಡಿ, ಉಚ್ಚಾರಣೆಯಲ್ಲೂ ಹುಡುಕಿ (ನಂದಿನಿಯ ಆ 'ಹೆಚ್' ನೆನಪಿರಲಿ). ಅರ್ಜಿ ಆನ್‌ಲೈನ್, ಕರ್ನಾಟಕದ್ದು ಚೆನ್ನೈ ಕಚೇರಿ ವ್ಯಾಪ್ತಿಗೆ ಬರುತ್ತೆ. ವ್ಯಕ್ತಿ, ಸ್ಟಾರ್ಟಪ್, ಸಣ್ಣ ಉದ್ದಿಮೆಗೆ ಒಂದು ವರ್ಗಕ್ಕೆ 4,500 ರೂಪಾಯಿ, ಉಳಿದವರಿಗೆ 9,000. ಒಟ್ಟು 45 ವರ್ಗ: ಸೋಪು, ಅಗರಬತ್ತಿ 3ರಲ್ಲಿ, ಕ್ಯಾಂಡಲ್ 4, ಬಟ್ಟೆ 25, ಉಪ್ಪಿನಕಾಯಿ 29, ಮಸಾಲೆ ಪುಡಿ 30, ಹೋಟೆಲ್ 43. ಹೆಸರು ಕನ್ನಡ ಲಿಪಿಯಲ್ಲೇ ಹಾಕಬಹುದು, ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಉಚ್ಚಾರಣೆ, ಅರ್ಥ ಬರೆದುಕೊಡಬೇಕು. ಆಕ್ಷೇಪದ ವರದಿ ಬಂದರೆ 30 ದಿನದೊಳಗೆ ಉತ್ತರ ಕೊಡಿ, ಎಷ್ಟೋ ಅರ್ಜಿ ಸಾಯೋದು ಆ ಮೇಲ್ ತೆಗೆಯದೇ. ಜರ್ನಲ್‌ನಲ್ಲಿ ಪ್ರಕಟವಾದ ಮೇಲೆ 4 ತಿಂಗಳು ಯಾರು ಬೇಕಾದರೂ ವಿರೋಧಿಸಬಹುದು. ಪತ್ರ ಸಿಕ್ಕರೆ ಹಕ್ಕು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ, 10 ವರ್ಷಕ್ಕೊಮ್ಮೆ ನವೀಕರಣ. ಪತ್ರ ಸಿಗೋ ತನಕ 'ಟಿಎಂ' ಹಾಕ್ಕೊಳ್ಳಿ, ವೃತ್ತದೊಳಗಿನ 'ಆರ್' ಬೇಡ.

ಮತ್ತೆ ಮುಖ್ಯವಾಗಿ, ಅರ್ಜಿ ಯಾರ ಹೆಸರಲ್ಲಿ? ಮೂವರು ಫ್ರೆಂಡ್ಸ್ ಸೇರಿ ಶುರು ಮಾಡಿ, ಲ್ಯಾಪ್‌ಟಾಪ್ ಇದ್ದೋನು ತನ್ನ ಹೆಸರಲ್ಲೇ ಹಾಕಿಬಿಟ್ಟರೆ ಕಂಪನಿ ಅವನದ್ದು. ಬೀಡಿ ಪಾಲುದಾರರ ಜಗಳ ಈಗಷ್ಟೇ ಓದಿದ್ದೀರಿ.

8/8
ಪತ್ರ ಫ್ರೇಮ್ ಹಾಕಿಸಿ ಗೋಡೆಗೆ ನೇತುಹಾಕಿದರೆ ಅದು ತಾನೇ ಎದ್ದು ಹೋಗಿ ಕಳ್ಳನನ್ನ ಹಿಡಿಯಲ್ಲ. 2024ರ ಜನವರಿಯಲ್ಲಿ ಹೈದರಾಬಾದಿನಲ್ಲಿ ನಕಲಿ ಮೈಸೂರ್ ಸ್ಯಾಂಡಲ್ ಸೋಪಿನ ಜಾಲ ಸಿಕ್ಕಿಬಿತ್ತಲ್ಲ, ಸುಮಾರು 2 ಕೋಟಿಯ ಮಾಲು. ಕೆಎಸ್‌ಡಿಎಲ್‌ನವರು ಬೆನ್ನುಹತ್ತಿ ದೂರು ಕೊಟ್ಟಿದ್ದಕ್ಕೆ ಸಿಕ್ಕಿದ್ದು. ನೂರು ವರ್ಷದ ಸೋಪಿಗೇ ಕಾವಲು ಬೇಕು. ಬಳಸದೇ ಐದು ವರ್ಷ ಬಿಟ್ಟರೆ ನೋಂದಣಿನೇ ತೆಗೆಸಿ ಹಾಕೋಕೆ ಬೇರೆಯವರಿಗೆ ದಾರಿ ಇದೆ, ಅದೂ ಗೊತ್ತಿರಲಿ.

ಹಾಗಂತ ಪತ್ರ ಸಿಕ್ಕ ತಕ್ಷಣ ಪಕ್ಕದ ಬೀದಿಯ ಅಜ್ಜಿಗೆ ನೋಟಿಸ್ ಕಳಿಸೋ ಪೈಕಿ ಆಗಬೇಡಿ. 'ರುಚಿ', 'ಮನೆ', 'ಅಮ್ಮನ ಕೈ' ಇವೆಲ್ಲ ನಿಮ್ಮಪ್ಪನ ಆಸ್ತಿ ಅಲ್ಲ.

ಈ ವಾರ ಹೆಸರು ಹುಡುಕ್ತಿರೋರು ಮೂರು ಹೆಸರು ಡಿಎಂ ಮಾಡಿ, ಕೂತು ರಿಜಿಸ್ಟ್ರಿಯಲ್ಲಿ ಹುಡುಕೋಣ. ಕಪಿಲಾ ಅಂತ ಇರೋದನ್ನ ಮಾತ್ರ ಕಳಿಸಬೇಡಿ, ಈಗಾಗಲೇ ನಾಲ್ಕು ಜನ ಕಳಿಸಿದ್ದಾರೆ.

#ತಾಂಡ್ಯ #ನಂಜನಗೂಡು #ತಿನರಸೀಪುರ #ಹೆಸರುಯಾರದ್ದು