ಪೂಜೆ ಸಾಕು, ಪ್ರತಿ ಬೇಕು

ಹೊರನಾಡ ಕನ್ನಡಿಗರ ಬಗ್ಗೆ ಏನಾದರೂ ಬರೆಯಿರಿ ಎಂದರೆ ಸಾಮಾನ್ಯವಾಗಿ ಗುಜರಾತಿ ದಾಲಿಗೆ ಬೆಲ್ಲ ಹಾಕುವುದು, ಸಾರಿನ ಪುಡಿ ಊರಿಂದ ತರಿಸುವುದು, ರಾಜ್ಯೋತ್ಸವದ ದಿನ ಶಾಮಿಯಾನದ ಕೆಳಗೆ ಬಿಸಿಬೇಳೆಭಾತ್ ತಿನ್ನುವುದು, ಇಷ್ಟರಲ್ಲೇ ಮಾತು ಮುಗಿದುಹೋಗುತ್ತದೆ. ಅದೆಲ್ಲ ಇರಲಿ ಸ್ವಾಮಿ. ಅಹಮದಾಬಾದ್, ವಡೋದರಾ, ಸೂರತ್ ಈ ಮೂರೂ ಊರುಗಳಲ್ಲಿ ಬ್ಯಾಂಕಿನ ಕೆಲಸ ಮಾಡಿ, ನಿವೃತ್ತನಾಗಿ ಇಲ್ಲೇ ಉಳಿದುಕೊಂಡವನು ನಾನು. ನನ್ನ ತಕರಾರು ಬೇರೆ. ಇಲ್ಲಿಯ ಕನ್ನಡದ ನೆನಪೆಲ್ಲ ಯಾರದೋ ಮನೆಯ ಮೂಲೆಯಲ್ಲಿ ಗುರ್ ಎನ್ನುತ್ತಿರುವ ಹಳೆಯ ಕಂಪ್ಯೂಟರಿನ ಒಂದೇ ಒಂದು ಹಾರ್ಡ್ ಡಿಸ್ಕಿನ ಮೇಲೆ ಕೂತಿದೆ. ಅದಕ್ಕೆ ಎರಡನೆಯ ಪ್ರತಿ ಇಲ್ಲ. ಇದು ಅಲಕ್ಷ್ಯ, ಅದನ್ನು ಅಲಕ್ಷ್ಯ ಅಂತಲೇ ಕರೆಯಬೇಕು.

ಅದರಲ್ಲಿ ಏನಿದೆ ಮಹಾ ಅಂತ ನೀವು ಕೇಳಬಹುದು. ಸದಸ್ಯರ ಪಟ್ಟಿ, ಸಭೆಯ ನಡಾವಳಿ, ಮಕ್ಕಳಿಗೆ ಕನ್ನಡ ಕಲಿಸಲು ಯಾರೋ ಟೈಪ್ ಮಾಡಿದ ಪಾಠಗಳು, ನಾಟಕದ ಪ್ರತಿ, ತೀರಿಕೊಂಡವರ ಫೋಟೋ, ಧ್ವನಿ. ಊರಿನಲ್ಲಿ ಒಂದು ಪುಸ್ತಕ ಕಳೆದರೆ ಗ್ರಂಥಾಲಯ ಇದೆ, ಪಕ್ಕದ ಮನೆ ಇದೆ, ಅಚ್ಚು ಹಾಕಿದ ಪ್ರೆಸ್ ಇದೆ. ಇಲ್ಲಿ ಕಳೆದದ್ದನ್ನು ಯಾರ ಹತ್ತಿರ ಕೇಳೋಣ? ಸಬರ್ಮತಿಯನ್ನೇ?

ಈಚೆಗೆ ವಡೋದರಾದಲ್ಲಿ ನಡೆದದ್ದನ್ನು ಹೇಳುತ್ತೇನೆ. ನನ್ನ ಪರಿಚಯದ ಹಿರಿಯರೊಬ್ಬರು ಬಹಳ ವರ್ಷದಿಂದ ಕನ್ನಡದವರ ಲೆಕ್ಕಪತ್ರ ನೋಡಿಕೊಂಡು ಬಂದವರು. ಅವರ ಕಂಪ್ಯೂಟರ್ ಹಳೆಯದು. ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಆ ಮಷೀನಿಗೆ ಒಗ್ಗುವುದಿಲ್ಲ. ಮೊಮ್ಮಗ ಬಂದು ಅದೇ ಡಿಸ್ಕಿನಲ್ಲಿ ಜಾಗ ಮಾಡಿ ಲಿನಕ್ಸ್ ಹಾಕಿಕೊಟ್ಟ. ಆನ್ ಮಾಡಿದರೆ ಯಾವುದು ಬೇಕು ಅಂತ ಕೇಳುತ್ತದೆ. 'ಈಗ ಚಿಂತೆ ಇಲ್ಲ, ಒಂದು ಹೋದರೆ ಇನ್ನೊಂದು ಇದೆ' ಎಂದು ಹಿರಿಯರು ಎಲ್ಲರಿಗೂ ಹೇಳಿಕೊಂಡು ಬಂದರು.

ಇಲ್ಲೇ ಇರೋದು ಗುಟ್ಟು. ಬ್ಯಾಂಕಿನ ತಿಜೋರಿಗೆ ಎರಡು ಕೀಲಿಕೈ, ಇಬ್ಬರು ಅಧಿಕಾರಿಗಳ ವಶದಲ್ಲಿ. ಹಾಗಂತ ತಿಜೋರಿ ಎರಡಾಯಿತೇ? ಬೆಂಕಿ ಬಿದ್ದರೆ ಎರಡು ಕೀಲಿಯೂ ಕೈಯಲ್ಲಿ ಉಳಿಯುತ್ತವೆ, ನೋಟು ಉಳಿಯುವುದಿಲ್ಲ. ಒಂದೇ ಡಿಸ್ಕಿನಲ್ಲಿ ಎರಡು ಸಿಸ್ಟಮ್ ಎಂದರೆ ಒಂದು ಕೋಣೆಗೆ ಎರಡು ಬಾಗಿಲು ಇಟ್ಟ ಹಾಗೆ. ವಿಂಡೋಸ್ ಏಳದಿದ್ದಾಗ ಲಿನಕ್ಸಿನ ಬಾಗಿಲಿಂದ ಒಳಗೆ ಹೋಗಿ ಕಡತ ಎತ್ತಿಕೊಂಡು ಬರಬಹುದು ನಿಜ, ಯಾಕೆಂದರೆ ಲಿನಕ್ಸಿಗೆ ವಿಂಡೋಸಿನ ಭಾಗ ಓದಲು ಬರುತ್ತದೆ. ಆದರೆ ಒಳಗೆ ತಿರುಗುವ ತಟ್ಟೆಯೇ ಸವೆದರೆ, ಓದುವ ಮುಳ್ಳೇ ಸೋತರೆ, ಎರಡು ಬಾಗಿಲೂ ಒಟ್ಟಿಗೆ ಮುಚ್ಚುತ್ತವೆ.

ಹಾಗೇ ಆಯಿತು. ಡಿಸ್ಕು ಟಿಕ್ ಟಿಕ್ ಅನ್ನತೊಡಗಿತು. ರಿಪೇರಿಯವನು ಬಂದ. ವಿಂಡೋಸಿನ ಚೆಕ್‌ಡಿಸ್ಕ್ ಹಚ್ಚಿ ರಾತ್ರಿಯಿಡೀ ಓಡಲು ಬಿಟ್ಟು ಹೋದ. ಬೆಳಿಗ್ಗೆ ಬಂದು 'ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕೋಣ, ಚಾಲ್ಶೆ' ಅಂದ. ಗುಜರಾತಿನಲ್ಲಿ 'ಚಾಲ್ಶೆ' ಅಂದರೆ ನಡೆಯುತ್ತೆ ಬಿಡಿ ಅಂತ. ನಮ್ಮೂರಲ್ಲೂ ಇಂಥವರಿಗೆ ಬರ ಇಲ್ಲ. ರೋಗಿ ಏದುಸಿರು ಬಿಡುತ್ತಿರುವಾಗ ಮೈದಾನ ಸುತ್ತು ಹಾಕಿ ಬಾ ಎಂದ ಹಾಗಾಯಿತು ಇದು. ರಿಪೇರಿಗೆಂದು ಹಚ್ಚಿದ ಚೆಕ್‌ಡಿಸ್ಕ್ ಬರೀ ನೋಡಿ ಸುಮ್ಮನಾಗುವುದಿಲ್ಲ, ಸರಿಪಡಿಸುತ್ತೇನೆ ಎಂದು ಡಿಸ್ಕಿನ ಮೇಲೆ ಬರೆಯುತ್ತದೆ. ಸಾಯುತ್ತಿರುವ ಡಿಸ್ಕಿನ ಮೇಲೆ ಬರೆಯುವುದು, ಆಡಿಟ್‌ಗೆ ಮುಂಚೆ ಲೆಡ್ಜರನ್ನು ರಬ್ಬರಿನಿಂದ ಉಜ್ಜಿದ ಹಾಗೆ. ಹೊಸದಾಗಿ ವಿಂಡೋಸ್ ಹಾಕಿದರಂತೂ ಹಳೆಯ ಅಕ್ಷರದ ಮೇಲೆ ಹೊಸ ಅಕ್ಷರ ಬಿದ್ದು ಬ್ರಹ್ಮನಿಗೂ ಓದಲಾಗದು.

ಮಾಡಬೇಕಾದದ್ದು ಏನು? ಕಷ್ಟವೇನಿಲ್ಲ, ಸಂಯಮ ಬೇಕು ಅಷ್ಟೆ. ಮೊದಲು ಕರೆಂಟು ತೆಗೆಯಬೇಕು. ಅಷ್ಟೇ ದೊಡ್ಡದು ಅಥವಾ ಇನ್ನೂ ದೊಡ್ಡದಾದ ಒಳ್ಳೆಯ ಡಿಸ್ಕು ತರಬೇಕು. ಪೆನ್ ಡ್ರೈವಿನಿಂದ ಲಿನಕ್ಸ್ ಎಬ್ಬಿಸಿ, ಕೆಟ್ಟ ಡಿಸ್ಕನ್ನು ತೆರೆಯದೆಯೇ, ಗ್ನು ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶದಿಂದ ಇಡೀ ಡಿಸ್ಕಿನ ನಕಲು ಮಾಡಿಕೊಳ್ಳಬೇಕು. ಅದು ಸುಲಭಕ್ಕೆ ಸಿಗುವ ಭಾಗವನ್ನು ಮೊದಲು ಓದಿ, ಕೆಟ್ಟ ಜಾಗವನ್ನು ದಾಟಿ ಹೋಗಿ, ಆಮೇಲೆ ಅಲ್ಲಿಗೆ ತಿರುಗಿ ಬರುತ್ತದೆ. ಎಲ್ಲೆಲ್ಲಿ ಓದಿದೆ, ಎಲ್ಲಿ ಬಿಟ್ಟಿದೆ ಅಂತ ಒಂದು ನಕಾಶೆ ಇಟ್ಟುಕೊಳ್ಳುತ್ತದೆ. ಅರ್ಧಕ್ಕೆ ನಿಂತರೆ ಅಲ್ಲಿಂದಲೇ ಮುಂದುವರಿಯುತ್ತದೆ. ನಮ್ಮ ಹಳೆಯ ಗುಮಾಸ್ತರು ತಾಳೆಯಾಗದ ಬಾಬ್ತಿಗೆ ಪೆನ್ಸಿಲ್ ಗುರುತು ಹಾಕಿ ಮುಂದೆ ಹೋಗುತ್ತಿದ್ದರಲ್ಲ, ಅದೇ ವಿದ್ಯೆ. ಹುಡುಕಾಟ, ರಿಪೇರಿ ಎಲ್ಲಾ ನಕಲಿನ ಮೇಲೆ, ಮೂಲದ ಮೇಲೆ ಅಲ್ಲ. ಭಾಗಗಳ ಗುರುತೇ ಅಳಿಸಿದ್ದರೆ ಟೆಸ್ಟ್‌ಡಿಸ್ಕ್ ಇದೆ. ಫೋಟೋರೆಕ್ ಕಡತಗಳನ್ನು ಹೆಕ್ಕಿ ಕೊಡುತ್ತದೆ, ಆದರೆ ಹೆಸರು ಉಳಿಯುವುದಿಲ್ಲ. ಡಿಸ್ಕನ್ನು ಫ್ರಿಜ್ಜಿನಲ್ಲಿಡುವುದು, ಮನೆಯಲ್ಲಿ ಸ್ಕ್ರೂ ಬಿಚ್ಚಿ ನೋಡುವುದು, ಇವೆರಡೂ ಕೊಲೆಗೆ ಸಮ. ಟಿಕ್ ಟಿಕ್ ಜೋರಾಗಿದ್ದರೆ ನಕಲಿಗೂ ಕೈ ಹಾಕದೆ, ಧೂಳಿಲ್ಲದ ಕೋಣೆಯಲ್ಲಿ ಡಿಸ್ಕು ಬಿಚ್ಚುವ ಪರಿಣತರಿಗೇ ಕೊಡಬೇಕು. ಮುಖ್ಯವಾದ ಇನ್ನೊಂದು: ವಿಂಡೋಸಿನ ಬಿಟ್‌ಲಾಕರ್ ಬೀಗ ಹಾಕಿಕೊಂಡಿದ್ದರೆ ಅದರ ಕೀ ಇಲ್ಲದೆ ನಕಲು ಸಿಕ್ಕರೂ ಪ್ರಯೋಜನವಿಲ್ಲ. ಆ ಕೀಯನ್ನು ಅದೇ ಕಂಪ್ಯೂಟರಿನಲ್ಲಿ ಇಡುವ ಮಹಾನುಭಾವರೂ ಇದ್ದಾರೆ!

ಹಿರಿಯರ ಅದೃಷ್ಟ, ಸೂರತ್‌ನಿಂದ ಬಂದ ಕನ್ನಡದ ಇಂಜಿನಿಯರಿಂಗ್ ಹುಡುಗನೊಬ್ಬ ಫಾರ್ಮ್ಯಾಟ್ ನಿಲ್ಲಿಸಿ ಎರಡು ದಿನ ಕೂತು ನಕಲು ತೆಗೆದ. ಲೆಕ್ಕ ಸಿಕ್ಕಿತು, ಫೋಟೋ ಬಹುಮಟ್ಟಿಗೆ ಸಿಕ್ಕಿತು. ಧಾರವಾಡದ ಕಡೆಯಿಂದ ಮದುವೆಯಾಗಿ ಬಂದು ಐವತ್ತು ವರ್ಷ ಇಲ್ಲೇ ಬಾಳಿದ ಅಜ್ಜಿಯೊಬ್ಬರು ಹಾಡಿದ್ದ ಹನ್ನೊಂದು ಸೋಬಾನೆ ಪದಗಳಲ್ಲಿ ನಾಲ್ಕು ಮಾತ್ರ ಉಳಿದವು. ಅಜ್ಜಿ ಈಗಿಲ್ಲ. ಉಳಿದ ಏಳನ್ನು ಯಾವ ಅಂಗಡಿಯಲ್ಲಿ ಕೊಳ್ಳೋಣ ಹೇಳಿ.

ಸಿಕ್ಕಿದ್ದರಲ್ಲೂ ಇನ್ನೊಂದು ಪಜೀತಿ. ಹಳೆಯ ಕಡತಗಳನ್ನು ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಿಚಡಿ. ನುಡಿ, ಬರಹ ಮುಂತಾದ ತಂತ್ರಾಂಶಗಳಿಂದ ಕನ್ನಡಕ್ಕೆ ದೊಡ್ಡ ಉಪಕಾರವಾಗಿದೆ, ಅದನ್ನು ಮರೆಯಬಾರದು. ಆದರೆ ಹಳೆಯ ಪದ್ಧತಿಯಲ್ಲಿ ಟೈಪ್ ಮಾಡಿದ್ದು ಆಯಾ ಫಾಂಟ್ ಇದ್ದರೆ ಮಾತ್ರ ಕನ್ನಡವಾಗಿ ಕಾಣುತ್ತದೆ. ಯೂನಿಕೋಡಿನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಹಳೆಯದನ್ನು ಅದಕ್ಕೆ ಪರಿವರ್ತಿಸುವ ಸಾಧನಗಳೂ ಬಂದಿವೆ. ಮಾಡುವವರಿಗೆ ಮನಸ್ಸಿಲ್ಲ ಅಷ್ಟೆ.

'ಎಲ್ಲಾ ಕ್ಲೌಡಿನಲ್ಲಿದೆ ಬಿಡಿ' ಅನ್ನುವವರಿಗೆ ಒಂದು ಮಾತು. ಅಲ್ಲಿ ಇಟ್ಟರೆ ಒಳ್ಳೆಯದೇ, ಇಡಿ. ಆದರೆ ಖಾತೆ ಯಾರ ಹೆಸರಿನಲ್ಲಿದೆ? ಪಾಸ್‌ವರ್ಡ್ ಯಾರಿಗೆ ಗೊತ್ತು? ಅವರ ಮೊಬೈಲ್ ಕಳೆದರೆ, ಅವರೇ ಹೋಗಿಬಿಟ್ಟರೆ? ನಾಮಿನಿ ಇಲ್ಲದ ಠೇವಣಿಗೆ ವಾರಸುದಾರರು ಎಷ್ಟು ಅಲೆಯುತ್ತಾರೆ ಅನ್ನೋದನ್ನು ಕೌಂಟರಿನ ಈಚೆ ಕೂತು ನೋಡಿದವನು ನಾನು.

ಪ್ರತಿ ಇನ್ನೊಂದು ಊರಿನಲ್ಲಿ ಯಾಕಿರಬೇಕು ಎಂಬುದಕ್ಕೆ ಈ ಮೂರು ಊರುಗಳ ಚರಿತ್ರೆಯೇ ಸಾಕ್ಷಿ. 2001ರ ಜನವರಿ 26ರ ಭೂಕಂಪ ಕಚ್ಛದ್ದಾದರೂ ಅಹಮದಾಬಾದಿನಲ್ಲಿ ಬಹುಮಹಡಿ ಕಟ್ಟಡಗಳು ಕುಸಿದವು. 2006ರ ಆಗಸ್ಟ್‌ನಲ್ಲಿ ಉಕಾಯಿ ಅಣೆಕಟ್ಟಿನಿಂದ ನೀರು ಬಿಟ್ಟಾಗ ತಾಪಿ ನದಿ ಸೂರತ್ ನಗರದ ಬಹುಭಾಗವನ್ನು ಮುಳುಗಿಸಿತು. 2019ರಲ್ಲಿ, ಮತ್ತೆ 2024ರ ಆಗಸ್ಟ್‌ನಲ್ಲಿ, ವಿಶ್ವಾಮಿತ್ರಿ ವಡೋದರಾದ ಮನೆಗಳಿಗೆ ನುಗ್ಗಿತು. ಮೊಸಳೆಗಳೇ ರಸ್ತೆಗೆ ಬಂದವು. ನೆಲಮಹಡಿಯ ಕಂಪ್ಯೂಟರಿನ ಗತಿ ಕೇಳಬೇಕೇ? ಶಾಖೆಗಳಿಗೆ ಕಂಪ್ಯೂಟರ್ ಬಂದ ಕಾಲದಲ್ಲಿ ದಿನದ ಲೆಕ್ಕ ಮುಗಿದ ಮೇಲೆ ಪ್ರತಿ ತೆಗೆದು, ಒಂದನ್ನು ಶಾಖೆಯ ಹೊರಗೆ ಇಡುತ್ತಿದ್ದೆವು. ಬೇರೆಯವರ ದುಡ್ಡಿಗೆ ಇಷ್ಟು ಕಾಳಜಿ. ನಮ್ಮ ಅಜ್ಜಿಯ ಹಾಡಿಗೆ ಯಾಕಿಲ್ಲ?

ಗುಜರಾತಿ ವ್ಯಾಪಾರಿಗಳು ದೀಪಾವಳಿಯಲ್ಲಿ ಚೋಪಡಾ ಪೂಜನ ಮಾಡುತ್ತಾರೆ. ಲೆಕ್ಕದ ಪುಸ್ತಕದ ಮೇಲೆ ಶುಭ, ಲಾಭ ಬರೆದು ಲಕ್ಷ್ಮಿಯನ್ನು ಕರೆಯುತ್ತಾರೆ. ಈಗ ಲ್ಯಾಪ್‌ಟಾಪಿಗೂ ಅದೇ ಪೂಜೆ ಸಲ್ಲುತ್ತದೆ. ನಾವೂ ಕಡಿಮೆಯಿಲ್ಲ, ಆಯುಧಪೂಜೆಯ ದಿನ ಮಾನಿಟರಿಗೆ ಕುಂಕುಮ ಹಚ್ಚಿ ಹೂ ಏರಿಸುತ್ತೇವೆ. ಪೂಜೆ ಬೇಡ ಅನ್ನುವುದಿಲ್ಲ. ಆದರೆ ಆ ದಿನವೇ ಒಂದು ಪ್ರತಿ ತೆಗೆದರೆ ಸರಸ್ವತಿ ಬೇಜಾರು ಮಾಡಿಕೊಳ್ಳುತ್ತಾಳೆಯೇ?

ಕೊನೆಗೆ ಊರಿನಲ್ಲಿರುವ ನಿಮಗೆ. ಇದು ಹೊರನಾಡಿನವರ ಗೋಳು, ನಮಗೇನು ಅನ್ನಬೇಡಿ. ನಿಮ್ಮ ತಂಗಿಯೋ, ಷಡ್ಡಕನೋ ಇಲ್ಲಿದ್ದಾರಲ್ಲ, ರಜೆಗೆ ಬರುತ್ತಾರಲ್ಲ. ಸಾರಿನ ಪುಡಿ ಕಟ್ಟಿಕೊಡುವ ಮುಂಚೆ ಕೇಳಿ: 'ಅಲ್ಲಿಯ ಕನ್ನಡದ್ದೆಲ್ಲ ಒಂದು ಪ್ರತಿ ತಂದಿದ್ದೀಯಾ?' ಇಲ್ಲ ಎಂದರೆ ಮುಂದಿನ ಸಲಕ್ಕೆ ಹೇಳಿ ಕಳಿಸಿ. ಹುಬ್ಬಳ್ಳಿಯಲ್ಲೋ ಮೈಸೂರಿನಲ್ಲೋ ನಿಮ್ಮ ಬೀರುವಿನೊಳಗೆ ಅಂಗೈಯಗಲದ ಡಿಸ್ಕೊಂದಕ್ಕೆ ಜಾಗ ಕೊಡಿ. ವರ್ಷಕ್ಕೊಮ್ಮೆ ಹಚ್ಚಿ, ಓದುತ್ತದೋ ಇಲ್ಲವೋ ನೋಡಿ. ನಾವು ಅಲ್ಲಿಂದ ಕನ್ನಡವನ್ನು ಸಾಲ ತಂದವರು. ಬಡ್ಡಿ ಸೇರಿಸಿ ಒಂದು ಪ್ರತಿಯನ್ನು ವಾಪಸು ಕಟ್ಟಿಸಿಕೊಳ್ಳುವ ಹಕ್ಕು ನಿಮಗಿದೆ. ವಸೂಲಿ ಮಾಡಿ.