ಬೆರಕೆ ನಾಯಿಗೂ ಒಂದು ಮನೆ

ನಾಯಿ ಸಾಕಬೇಕೆನ್ನುವವರು ಸಾಮಾನ್ಯವಾಗಿ ಶುದ್ಧ ತಳಿಯ ಮರಿಯನ್ನೇ ಅರಸುತ್ತಾರೆ. ಬೆಳೆದ ನಾಯಿ ಪಳಗದು, ಬೆರಕೆಯ ಗುಣವನ್ನು ನಂಬಲಾಗದು ಎಂಬುದು ಅವರ ವಾದ. ಈ ವಾದಕ್ಕೆ ಆಧಾರವುಂಟೆ ಎಂದು ನಾವು ವಿಚಾರಮಾಡಬೇಕು.

1957ರ ನವೆಂಬರ್ 3ರಂದು ಭೂಮಿಯನ್ನು ಸುತ್ತಲು ಹೊರಟ ಲೈಕಾ, ಮಾಸ್ಕೋದ ಬೀದಿಯಲ್ಲಿ ಸಿಕ್ಕಿದ ಬೆಳೆದ ಬೆರಕೆ ನಾಯಿ. ಚಳಿ ಹಸಿವುಗಳನ್ನು ತಾಳಬಲ್ಲವೆಂದೇ ಸೋವಿಯತ್ ವಿಜ್ಞಾನಿಗಳು ಬೀದಿನಾಯಿಗಳನ್ನು ಆರಿಸಿ, ಇಕ್ಕಟ್ಟಾದ ಗೂಡಿನಲ್ಲಿ ದಿನಗಟ್ಟಲೆ ಶಾಂತವಾಗಿರುವುದನ್ನು ಕಲಿಸಿದರು. ಲೈಕಾ ಜೀವಸಹಿತ ಮರಳಲಿಲ್ಲ. ಆದರೆ ಬೆಳೆದ ನಾಯಿಯೂ ಕಲಿಯಬಲ್ಲುದೆಂಬುದಕ್ಕೆ ಅದೇ ಸಾಕ್ಷಿ.

ಇನ್ನು ತಳಿಯ ಮಾತು. 2022ರಲ್ಲಿ ಅಮೆರಿಕದ ವಿಜ್ಞಾನಿಗಳು ಹದಿನೆಂಟು ಸಾವಿರಕ್ಕೂ ಮಿಕ್ಕ ನಾಯಿಗಳ ನಡತೆಯನ್ನು ಅವುಗಳ ಒಡೆಯರಿಂದ ಕೇಳಿ ಪರಿಶೀಲಿಸಿದರು. ನಡತೆಯ ವ್ಯತ್ಯಾಸಗಳಲ್ಲಿ ತಳಿಯ ಪಾಲು ಶೇಕಡಾ 9ರಷ್ಟು ಮಾತ್ರವೆಂದು ಕಂಡುಬಂದಿತು.

ಹೆಸರನ್ನು ನಂಬದೆ ಪ್ರತ್ಯಕ್ಷ ವೀಕ್ಷಣೆಯನ್ನು ನಂಬುವುದು ವಿಜ್ಞಾನದ ರೀತಿ. ಮರಿಯ ಮುಂದಿನ ಸ್ವಭಾವವನ್ನು ನಾವು ಊಹಿಸಬೇಕು. ಬೆಳೆದ ನಾಯಿಯದನ್ನು ನೋಡಿಯೇ ತಿಳಿಯಬಹುದು. ಆದುದರಿಂದ ನಾಯಿ ಬೇಕೆನ್ನುವವರು ಮೊದಲು ಆಶ್ರಯಧಾಮಕ್ಕೆ ಹೋಗಲಿ. ಮಕ್ಕಳೊಡನೆ, ಇತರ ನಾಯಿಗಳೊಡನೆ ಅದು ಹೇಗೆ ವರ್ತಿಸುವುದೆಂದು ಗಮನಿಸಲಿ. ರೇಬೀಸ್ ಲಸಿಕೆ ಹಾಕಿಸಲಿ. ಹೊಸ ಮನೆಗೆ ಹೊಂದಿಕೊಳ್ಳಲು ನಾಯಿಗೆ ಕೆಲವು ವಾರಗಳಾದರೂ ಬೇಕು. ಅಷ್ಟು ತಾಳ್ಮೆಯಿಲ್ಲದವರು ಮರಿಯನ್ನೂ ಸಾಕಲಾರರು.